ಸೆರೆಮನೆಯ ನಿವೇದನೆ, ಸಂಸ್ಕಾರದ ನಿವೇದನೆ: ಲಿಫ್ಟನ್ನರ ಗ್ರಂಥವನ್ನು ಗುರುಮಠದಲ್ಲಿ ಓದುವ ಬಗೆ

ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಅವರ ‘ಥಾಟ್ ರಿಫಾರ್ಮ್ ಅಂಡ್ ದ ಸೈಕಾಲಜಿ ಆಫ್ ಟೋಟಲಿಸಂ’ ಎಂಬ ಗ್ರಂಥ ಪ್ರಕಟವಾದುದು 1961ರಲ್ಲಿ. ಚೀನಾದ ಕಮ್ಯುನಿಸ್ಟ್ ಆಡಳಿತವು ‘ವಿಚಾರ ಸುಧಾರಣೆ’ ಎಂಬ ಹೆಸರಿನಲ್ಲಿ ನಡೆಸಿದ ಕಾರ್ಯಕ್ರಮದ ಅಧ್ಯಯನವದು. ಮನುಷ್ಯನ ಮನಸ್ಸನ್ನು ಬಲಾತ್ಕಾರದಿಂದ ಬದಲಿಸುವ ತಂತ್ರಗಳ ಕುರಿತು ಆಮೇಲೆ ಬರೆದವರಲ್ಲಿ ಅನೇಕರು ಈ ಗ್ರಂಥಕ್ಕೆ ಋಣಿಗಳು. ಇಂತಹ ಕೃತಿ ಸಾಮಾನ್ಯವಾಗಿ ಮನಶ್ಶಾಸ್ತ್ರದ ಕಪಾಟಿನಲ್ಲಿ ಉಳಿದುಬಿಡುತ್ತದೆ. ಅದನ್ನು ಅಲ್ಲಿಂದ ತೆಗೆದು ನೈತಿಕ ದೇವಶಾಸ್ತ್ರದ ಮೇಜಿನ ಮೇಲೆ ಇಡಬೇಕೆಂಬುದು ನಮ್ಮ ವಾದ. ಕಾರಣ ಸರಳವಾದುದು: ಈ ಗ್ರಂಥದ ಕೇಂದ್ರದಲ್ಲಿರುವ ಕ್ರಿಯೆ ನಿವೇದನೆ. ತಪ್ಪನ್ನು ಒಪ್ಪಿಕೊಳ್ಳುವುದು, ಆತ್ಮಶೋಧನೆ ಮಾಡಿಕೊಳ್ಳುವುದು, ಹಳೆಯ ಮನುಷ್ಯನನ್ನು ಕಳಚಿ ಹೊಸ ಮನುಷ್ಯನಾಗುವುದು, ಈ ಮಾತುಗಳೆಲ್ಲ ನಮ್ಮವು. ಅವೇ ಮಾತುಗಳು ಸೆರೆಮನೆಯಲ್ಲಿ ಮನುಷ್ಯನನ್ನು ಮುರಿಯುವ ಸಲಕರಣೆಗಳಾದುದು ಹೇಗೆಂಬುದನ್ನು ಯಾಜಕನಾಗುವವನು ತಿಳಿದಿರಬೇಕು.

‘ಬ್ರೈನ್‌ವಾಷಿಂಗ್’ ಎಂಬ ಪದವನ್ನು 1950ರಲ್ಲಿ ಇಂಗ್ಲಿಷ್ ಓದುಗರ ಮುಂದಿಟ್ಟವರು ಎಡ್ವರ್ಡ್ ಹಂಟರ್ ಎಂಬ ಪತ್ರಕರ್ತರು. ಮೆದುಳನ್ನು ತೊಳೆಯುವುದು ಎಂಬ ಅರ್ಥದ ಚೀನೀ ನುಡಿಯೊಂದರ ನೇರ ಅನುವಾದವದು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಕೆಲವು ಸೈನಿಕರು ಶತ್ರುಪಕ್ಷಕ್ಕೆ ಅನುಕೂಲವಾದ ಹೇಳಿಕೆಗಳನ್ನು ನೀಡಿದಾಗ ಈ ಪದ ಭೀತಿಯೊಡನೆ ಹರಡಿತು. ವಾಯುಪಡೆಯ ಮನೋವೈದ್ಯರಾಗಿದ್ದ ಲಿಫ್ಟನ್ನರು ಬಿಡುಗಡೆಯಾಗಿ ಬಂದ ಅಂಥ ಸೈನಿಕರನ್ನು ಕಂಡಿದ್ದರು. ಬಳಿಕ 1954-55ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನೆಲೆಸಿ, ಚೀನಾದಿಂದ ಹೊರಬಂದ 25 ಮಂದಿ ಪಾಶ್ಚಾತ್ಯರನ್ನೂ 15 ಮಂದಿ ಚೀನೀ ವಿದ್ಯಾವಂತರನ್ನೂ ಸಂದರ್ಶಿಸಿದರು. ಪಾಶ್ಚಾತ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಿಷನರಿಗಳು, ಅವರಲ್ಲಿ ಬಹುಪಾಲು ಕಥೋಲಿಕ ಯಾಜಕರು. ಗ್ರಂಥದಲ್ಲಿ ಅವರೆಲ್ಲರಿಗೂ ಕಲ್ಪಿತ ಹೆಸರುಗಳಿವೆ. ‘ಬ್ರೈನ್‌ವಾಷಿಂಗ್’ ಎಂಬ ಪದವನ್ನು ಲಿಫ್ಟನ್ನರು ಅನುಮಾನದಿಂದಲೇ ಮುಟ್ಟುತ್ತಾರೆ. ಅದರಲ್ಲಿ ಮಾಟಮಂತ್ರದ ಛಾಯೆಯಿದೆ. ಅವರು ಕಂಡದ್ದರಲ್ಲಿ ಮಾಟವೇನೂ ಇರಲಿಲ್ಲ. ಪ್ರತಿಯೊಂದು ಹೆಜ್ಜೆಯೂ ಮಾನುಷ ದೌರ್ಬಲ್ಯಗಳ ಮೇಲೆಯೇ ಊರಿದ ಹೆಜ್ಜೆಯಾಗಿತ್ತು. ಅದೇ ಹೆಚ್ಚು ಭಯಾನಕವಾದುದು.

ಸೆರೆಮನೆಯ ಕ್ರಮವನ್ನು ಅವರು ಹಂತಹಂತವಾಗಿ ಬಿಡಿಸಿಡುತ್ತಾರೆ. ಮೊದಲ ದಾಳಿ ಕೈದಿಯ ಗುರುತಿನ ಮೇಲೆ. ನೀನು ವೈದ್ಯನಲ್ಲ, ಗೂಢಚಾರ. ನೀನು ಗುರುವಲ್ಲ, ಸಾಮ್ರಾಜ್ಯಶಾಹಿಯ ಏಜೆಂಟ್ ಎಂದು ಅಧಿಕಾರಿಯೂ ಸಹಕೈದಿಗಳೂ ಒಂದೇ ಸ್ವರದಲ್ಲಿ ಹೇಳುತ್ತಾರೆ. ಇರುಳೆಲ್ಲ ವಿಚಾರಣೆ, ಹಗಲೆಲ್ಲ ಕೋಣೆಯವರ ಬೈಗುಳದ ‘ಹೋರಾಟ’. ನಿದ್ದೆಯಿಲ್ಲ, ಕೈಗೆ ಬೇಡಿ, ಕಾಲಿಗೆ ಸರಪಳಿ. ಅಪರಾಧ ಇಂಥದೆಂದು ಯಾರೂ ಹೇಳುವುದಿಲ್ಲ; ಅದು ಸರ್ಕಾರಕ್ಕೆ ಗೊತ್ತಿದೆ, ಬಾಯಿಬಿಡಬೇಕಾದವನು ಕೈದಿ. ಆತ ಮೊದಲು ಕಟ್ಟುಕತೆಗಳನ್ನು ಹೇಳುತ್ತಾನೆ, ಹೇಳುತ್ತ ಹೇಳುತ್ತ ಅವುಗಳಲ್ಲಿ ಅರ್ಧ ನಂಬಿಕೆಯನ್ನೂ ಇಡತೊಡಗುತ್ತಾನೆ. ಗೆಳೆಯರ ಹೆಸರುಗಳನ್ನು ಬರೆದುಕೊಡುತ್ತಾನೆ. ಹೀಗೆ ತನ್ನವರಿಗೆ ದ್ರೋಹ ಬಗೆದ ಮೇಲೆ ಹಿಂದಿರುಗಿ ಹೋಗಲು ಅವನಿಗೆ ಮನೆಯೇ ಉಳಿಯುವುದಿಲ್ಲ.

ಅವನು ಕುಸಿಯುವ ಅಂಚಿಗೆ ಬಂದಾಗ ಇದ್ದಕ್ಕಿದ್ದಂತೆ ಕರುಣೆ ತೋರುತ್ತಾರೆ. ಬೇಡಿ ಕಳಚುತ್ತದೆ, ಅಧಿಕಾರಿಯ ದನಿ ಮೃದುವಾಗುತ್ತದೆ, ನಿದ್ದೆಗೆ ಅವಕಾಶ ಸಿಗುತ್ತದೆ. ಲಿಫ್ಟನ್ನರ ವಿವರಣೆಯಲ್ಲಿ ಅತ್ಯಂತ ಗಮನಾರ್ಹವಾದುದು ಈ ತಿರುವು. ಹಿಂಸೆ ಮನುಷ್ಯನನ್ನು ಮುರಿಯಿತು. ಆದರೆ ಅವನನ್ನು ಬದಲಿಸಿದ್ದು ಹಿಂಸೆಯ ನಡುವೆ ಸಿಕ್ಕ ಹಿಡಿಯಷ್ಟು ದಯೆ. ಆ ದಯೆಗೆ ಋಣಿಯಾದ ಕೈದಿ ಈಗ ತಾನಾಗಿಯೇ ನಿವೇದಿಸಿಕೊಳ್ಳಲು ಹಾತೊರೆಯುತ್ತಾನೆ. ಕಟ್ಟುಕತೆ ಇನ್ನು ಬೇಕಿಲ್ಲ. ತನ್ನ ಬದುಕಿನಲ್ಲಿ ನಿಜವಾಗಿ ನಡೆದ ಸಂಗತಿಗಳನ್ನೇ ‘ಜನತೆಯ ದೃಷ್ಟಿ’ಯಿಂದ ಮರಳಿ ಓದಿದರೆ ಸಾಕು: ಸ್ವದೇಶದ ಸ್ನೇಹಿತನೊಡನೆ ಊಟದ ಮೇಜಿನಲ್ಲಿ ಆಡಿದ ಮಾತು ಗೂಢಚರ್ಯೆಯಾಗುತ್ತದೆ, ಶಾಲೆ ನಡೆಸಿದ್ದು ಶೋಷಣೆಯಾಗುತ್ತದೆ. ಈ ಇಡೀ ಕ್ರಮವನ್ನು ಸಾವು ಮತ್ತು ಮರುಹುಟ್ಟಿನ ಅನುಭವವೆಂದೇ ಲಿಫ್ಟನ್ನರು ಗುರುತಿಸುತ್ತಾರೆ. ಜ್ಞಾನಸ್ನಾನದ ದೇವಶಾಸ್ತ್ರವನ್ನು ಬೋಧಿಸುವವರು ಈ ಮಾತಿನ ಮುಂದೆ ತುಸು ಹೊತ್ತು ನಿಲ್ಲಬೇಕಾಗುತ್ತದೆ.

ಗ್ರಂಥದಲ್ಲಿ ಬರುವ ಯಾಜಕರಲ್ಲಿ ಮೂವರು ನಮಗೆ ವಿಶೇಷವಾಗಿ ಮುಖ್ಯರು. ಫಾದರ್ ಲೂಕಾ ಸುಳ್ಳು ನಿವೇದನೆಗೆ ಒಳಗಾದವರು; ಬಿಡುಗಡೆಯ ನಂತರವೂ ಅವರನ್ನು ಕಾಡಿದ್ದು ತಾವುಂಡ ನೋವಿಗಿಂತ ತಮ್ಮ ಬಾಯಿಂದ ಹೊರಬಿದ್ದ ಹೆಸರುಗಳು. ಯೇಸುಸಭೆಯ ಫಾದರ್ ಸೈಮನ್ ಹೊರಬಂದ ಮೇಲೂ ಸೆರೆಯಲ್ಲಿ ಕಲಿತದ್ದನ್ನೇ ಸಮರ್ಥಿಸಿದವರು. ಬಿಷಪ್ ಬಾರ್ಕರ್ ಎದುರಿಸಿ ನಿಂತವರಂತೆ ಕಂಡವರು, ಆದರೆ ಅವರೊಳಗೂ ಆ ಅನುಭವ ಗುರುತುಗಳನ್ನು ಬಿಟ್ಟಿತ್ತು. ಈ ಮೂವರನ್ನು ಶರಣಾದವರು, ಸೋತವರು, ಗೆದ್ದವರು ಎಂದು ವಿಂಗಡಿಸಿ ತೀರ್ಪು ನೀಡುವ ಗೋಜಿಗೆ ಲಿಫ್ಟನ್ನರು ಹೋಗುವುದಿಲ್ಲ. ಇದು ಈ ಗ್ರಂಥದ ದೊಡ್ಡ ಗುಣ. ಎದುರಿಸಲು ನೆರವಾದ ಅಂಶಗಳನ್ನು ಅವರು ಪಟ್ಟಿಮಾಡುತ್ತಾರೆ: ನಡೆಯುತ್ತಿರುವುದು ಏನೆಂಬ ತಿಳಿವು, ಭಾವನಾತ್ಮಕವಾಗಿ ಒಳಸೇರದೆ ದೂರ ಉಳಿಯುವುದು, ಹಾಸ್ಯ ಮತ್ತು ಸಮಚಿತ್ತ, ತಾನು ಯಾರೆಂಬ ಗುರುತನ್ನು ಒಳಗೊಳಗೇ ಗಟ್ಟಿಮಾಡಿಕೊಳ್ಳುವುದು. ಗುರುಗಳಿಗೆ ಈ ಕೊನೆಯದು ಮೌನ ಪ್ರಾರ್ಥನೆಯ ಮೂಲಕವೂ ಸಾಧ್ಯವಾಯಿತು.

ಆದರೆ ಇದೇ ಪುಟಗಳಲ್ಲಿ ಕಹಿಯಾದ ಇನ್ನೊಂದು ಸತ್ಯವಿದೆ. ಈ ಯಂತ್ರದ ಕೀಲಿಯಾಗಿದ್ದುದು ಅಪರಾಧ ಪ್ರಜ್ಞೆ. ತನ್ನನ್ನು ತಾನು ಪರಿಶೀಲಿಸಿಕೊಳ್ಳುವುದು, ತಾನು ದೋಷಿಯೆಂದು ಮೊದಲೇ ಒಪ್ಪಿಕೊಳ್ಳುವುದು, ಹಿರಿಯರ ಮಾತಿನಲ್ಲಿ ದೇವಚಿತ್ತವನ್ನು ಹುಡುಕುವುದು ಯಾರಿಗೆ ಅಭ್ಯಾಸವಾಗಿದೆಯೋ ಅವರಲ್ಲಿ ವಿಚಾರಣಾಧಿಕಾರಿಗೆ ಹಿಡಿಯಲು ಹಿಡಿಕೆ ಸಿದ್ಧವಾಗಿತ್ತು. ನಮ್ಮ ತರಬೇತಿ ಮನುಷ್ಯನಲ್ಲಿ ಬೆಳೆಸುವ ಸದ್ಗುಣವೇ ದುರುಪಯೋಗಕ್ಕೂ ದಾರಿಯಾಗಬಲ್ಲದು. ಪಶ್ಚಾತ್ತಾಪವನ್ನು ಕಲಿಸುವವರು ಇದನ್ನು ಕೇಳಿ ಮನನೊಂದರೆ ತಪ್ಪಿಲ್ಲ, ಅಲ್ಲಗಳೆದರೆ ಮಾತ್ರ ತಪ್ಪು.

ಗ್ರಂಥದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಲಿಫ್ಟನ್ನರು ಚೀನಾವನ್ನು ದಾಟಿ ಸಾಮಾನ್ಯ ತತ್ತ್ವಗಳತ್ತ ಬರುತ್ತಾರೆ. ರಾಜಕೀಯವಿರಲಿ, ಧರ್ಮವಿರಲಿ, ವಿಜ್ಞಾನವಿರಲಿ, ಯಾವುದೇ ಸಮುದಾಯ ಮನುಷ್ಯನನ್ನು ಸಂಪೂರ್ಣವಾಗಿ ತನ್ನದಾಗಿಸಿಕೊಳ್ಳಲು ಹೊರಟಾಗ ಎಂಟು ಲಕ್ಷಣಗಳು ಕಾಣಿಸಿಕೊಳ್ಳುತ್ತವೆ ಎನ್ನುತ್ತಾರೆ. ಹೊರಗಿನ ಸುದ್ದಿ ಮತ್ತು ಸಂಪರ್ಕದ ನಿಯಂತ್ರಣ; ಮೊದಲೇ ಹೂಡಿದ್ದನ್ನು ದೈವಸಂಕಲ್ಪದಂತೆ ತೋರಿಸುವ ಕೈವಾಡ; ಎಂದೂ ತಲುಪಲಾಗದ ಪರಿಶುದ್ಧತೆಯ ಬೇಡಿಕೆ; ನಿವೇದನೆಯನ್ನೇ ಆರಾಧಿಸುವುದು; ಸಿದ್ಧಾಂತವನ್ನು ಪ್ರಶ್ನಾತೀತ ಪವಿತ್ರ ವಿಜ್ಞಾನವಾಗಿಸುವುದು; ಭಾಷೆಗೆ ಭಾರ ಹೇರುವುದು; ವ್ಯಕ್ತಿಯ ಅನುಭವಕ್ಕಿಂತ ಸಿದ್ಧಾಂತವನ್ನು ಮೇಲಿಡುವುದು; ಕೊನೆಗೆ, ಯಾರಿಗೆ ಇರುವ ಹಕ್ಕಿದೆ, ಯಾರಿಗಿಲ್ಲ ಎಂದು ತೀರ್ಮಾನಿಸುವುದು. ಇಲ್ಲಿ ಒಂದು ಎಚ್ಚರ ಅಗತ್ಯ. ಯಾವ ಸಮುದಾಯವೂ ಇವನ್ನು ಪೂರ್ತಿಯಾಗಿ ಸಾಧಿಸುವುದಿಲ್ಲ, ಸೌಮ್ಯವಾದ ಸಮುದಾಯಗಳಲ್ಲೂ ಇವುಗಳ ಒಂದಿಷ್ಟು ಛಾಯೆ ಇದ್ದೀತು ಎಂದು ಲಿಫ್ಟನ್ನರೇ ಹೇಳಿದ್ದಾರೆ. ಈ ಪಟ್ಟಿಯನ್ನು ಹಿಡಿದು ಮೌನವ್ರತವಿರುವ ಪ್ರತಿಯೊಂದು ಮಠವನ್ನೂ ಸೆರೆಮನೆಯೆಂದು ಕರೆಯುವವರು ಗ್ರಂಥವನ್ನು ಅರ್ಧ ಓದಿದವರು.

ಆದರೂ ಈ ಎಂಟರಲ್ಲಿ ಎರಡು ನಮ್ಮ ಬಾಗಿಲನ್ನೇ ತಟ್ಟುತ್ತವೆ. ಒಂದನೆಯದು ಭಾಷೆ. ಸಂಕೀರ್ಣವಾದ ಮಾನುಷ ಪ್ರಶ್ನೆಯನ್ನು ಚಿಕ್ಕದೊಂದು ಸಿದ್ಧವಾಕ್ಯದಿಂದ ಮುಚ್ಚಿಬಿಡುವುದನ್ನು ಲಿಫ್ಟನ್ನರು ಚಿಂತನೆಯನ್ನು ಕೊನೆಗಾಣಿಸುವ ಸವಕಲು ಮಾತು ಎನ್ನುತ್ತಾರೆ. ದಣಿದ ಗುರು ಅಭ್ಯರ್ಥಿಯೊಬ್ಬ ತನ್ನ ಸಂಕಟವನ್ನು ಹೇಳಿಕೊಂಡಾಗ ‘ನಿನ್ನಲ್ಲಿ ವಿಧೇಯತೆ ಸಾಲದು’ ಎಂಬ ಉತ್ತರ ಬಂದರೆ, ‘ಎಲ್ಲವನ್ನೂ ಶಿಲುಬೆಗೆ ಒಪ್ಪಿಸು’ ಎಂಬ ಮಾತಿನಿಂದ ಅನ್ಯಾಯದ ದೂರು ಮುಗಿದುಹೋದರೆ, ಪವಿತ್ರವಾದ ಪದಗಳೇ ಬೀಗಗಳಾಗುತ್ತವೆ. ವಿಧೇಯತೆಯೂ ಶಿಲುಬೆಯೂ ಸತ್ಯವೇ. ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸಲು ಅವನ್ನು ಬಳಸಿದಾಗ ಸತ್ಯಕ್ಕೇ ಅಪಚಾರ.

ಎರಡನೆಯದು ನಿವೇದನೆ. ನಿವೇದನೆ ತನ್ನ ಸಹಜ ಉದ್ದೇಶವನ್ನು ಮೀರಿ ಅಧಿಕಾರದ ಸಾಧನವಾದಾಗ ಏನಾಗುತ್ತದೆ ಎಂಬ ಲಿಫ್ಟನ್ನರ ವಿಶ್ಲೇಷಣೆಯಿಂದ ನಾವು ಮೂರು ವ್ಯತ್ಯಾಸಗಳನ್ನು ಕಂಡುಕೊಳ್ಳಬಹುದು. ಸೆರೆಮನೆಯ ನಿವೇದನೆಗೆ ಕೊನೆಯಿಲ್ಲ. ಒಂದು ಮುಗಿದರೆ ಇನ್ನೊಂದು ಬೇಕು. ಸಂಸ್ಕಾರದ ನಿವೇದನೆಗೆ ಪಾಪವಿಮೋಚನೆಯೆಂಬ ಕೊನೆಯಿದೆ. ಕ್ಷಮಿಸಿದ್ದನ್ನು ಮತ್ತೆ ಕೆದಕುವುದಿಲ್ಲ. ಸೆರೆಮನೆಯ ನಿವೇದನೆ ಕಡತದಲ್ಲಿ ಸೇರುತ್ತದೆ. ಸಂಸ್ಕಾರದ ನಿವೇದನೆಗೆ ಮುದ್ರೆಯಿದೆ. ಸೆರೆಮನೆಯಲ್ಲಿ ಕೇಳುವವನು ಒಡೆಯ, ಹೇಳುವವನು ಅವನ ಸ್ವತ್ತು. ಸಂಸ್ಕಾರದಲ್ಲಿ ಕೇಳುವವನು ಸೇವಕ, ಅವನೂ ಬೇರೊಬ್ಬ ಯಾಜಕನ ಮುಂದೆ ಮೊಣಕಾಲೂರಬೇಕಾದವನು. ಈ ಮೂರರಲ್ಲಿ ಒಂದು ಸಡಿಲವಾದರೂ, ಮೇಲೆ ಸಂಸ್ಕಾರದ ಹೆಸರಿದ್ದರೂ, ಒಳಗೆ ಇನ್ನೊಂದು ಕೋಣೆಯ ಗಾಳಿ ಬೀಸತೊಡಗುತ್ತದೆ.

ಲಿಫ್ಟನ್ನರನ್ನು ನಾವು ಪೂರ್ತಿ ಒಪ್ಪುತ್ತೇವೆಂದಲ್ಲ. ಅವರ ಮೇಲೆ ನಮಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಅಪರಾಧ ಪ್ರಜ್ಞೆಯ ಕುರಿತು. ಅದರ ಬೇರನ್ನು ಅವರು ಮುಖ್ಯವಾಗಿ ಬಾಲ್ಯದಲ್ಲಿ, ವ್ಯಕ್ತಿತ್ವ ರೂಪುಗೊಂಡ ಬಗೆಯಲ್ಲಿ ಹುಡುಕುತ್ತಾರೆ. ಮನೋವೈದ್ಯರಿಗೆ ಅದು ಸಹಜ. ಆದರೆ ಲೂಕಾ ಅವರ ನೋವನ್ನು ಈ ಅಳತೆ ಮುಟ್ಟಲಾರದು. ಅಧಿಕಾರಿ ಹೊರಿಸಿದ ಗೂಢಚರ್ಯೆಯ ಅಪರಾಧ ಸುಳ್ಳು. ಆ ಒತ್ತಡದಲ್ಲಿ ಇತರರ ಹೆಸರು ಹೇಳಿದೆನೆಂಬ ನೋವು ಸುಳ್ಳಲ್ಲ. ಅವರ ಹೊಣೆ ಬಲಾತ್ಕಾರದಿಂದ ಎಷ್ಟು ಕಡಿಮೆಯಾಯಿತೆಂಬುದು ಬೇರೆ ಪ್ರಶ್ನೆ. ನೈತಿಕ ದೇವಶಾಸ್ತ್ರ ಭಯ ಮತ್ತು ಬಲವಂತವನ್ನು ಹಿಂದಿನಿಂದಲೂ ಗಣನೆಗೆ ತೆಗೆದುಕೊಂಡಿದೆ. ಆದರೆ ಹೊರಿಸಿದ ಅಪರಾಧವನ್ನೂ ಆತ್ಮಸಾಕ್ಷಿ ಎತ್ತಿ ತೋರಿಸುವ ನೋವನ್ನೂ ಒಂದೇ ಬುಟ್ಟಿಗೆ ಹಾಕಿದರೆ, ಮನುಷ್ಯನನ್ನು ಸೆರೆಯಿಂದ ಬಿಡಿಸುವ ಭರದಲ್ಲಿ ಅವನ ಆತ್ಮಸಾಕ್ಷಿಯನ್ನೇ ಕಳೆದಂತಾಗುತ್ತದೆ. ಪೇತ್ರನ ಕಣ್ಣೀರು ರೋಗಲಕ್ಷಣವಲ್ಲ.

ಎರಡನೆಯದು ಅವರು ಸೂಚಿಸುವ ಮದ್ದಿನ ಕುರಿತು. ಮುಚ್ಚಿದ ವ್ಯವಸ್ಥೆಗೆ ಬದಲಾಗಿ ಅವರು ತೆರೆದ ಬದಲಾವಣೆಯನ್ನು ಮುಂದಿಡುತ್ತಾರೆ. ಅದು ಒಳ್ಳೆಯದೇ. ಆದರೆ ಯಾವುದಕ್ಕೆ ತೆರೆದಿರಬೇಕು? ಸತ್ಯವೊಂದಿದೆ, ಅದು ಮನುಷ್ಯನನ್ನು ಕರೆಯುತ್ತದೆ ಎಂಬ ನಂಬಿಕೆಯೇ ಸರ್ವಾಧಿಕಾರದ ಬೀಜವೆಂದು ಓದುಗನಿಗೆ ತೋರುವ ಅಪಾಯ ಇಲ್ಲಿದೆ. ಕ್ರೈಸ್ತ ವಿಶ್ವಾಸ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಸತ್ಯವನ್ನು ಬಿಟ್ಟುಕೊಡದೆಯೇ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು: ಸತ್ಯವು ತನ್ನ ಸತ್ಯತೆಯ ಬಲದಿಂದಲೇ ಮನಸ್ಸನ್ನು ಪ್ರವೇಶಿಸಬೇಕು, ಹೊರಗಿನ ಬಲದಿಂದಲ್ಲ. ಶ್ರೀಮಂತ ಯುವಕ ದುಃಖದಿಂದ ಹೊರಟುಹೋದಾಗ ಪ್ರಭು ಅವನ ಹಿಂದೆ ಶಿಷ್ಯರನ್ನು ಅಟ್ಟಲಿಲ್ಲ. ಜೀವದಾಯಕ ರೊಟ್ಟಿಯ ಬೋಧನೆಯನ್ನು ತಾಳಲಾರದೆ ಅನೇಕರು ಬಿಟ್ಟುಹೋದಾಗ ಹನ್ನೆರಡು ಮಂದಿಗೂ ಹೋಗುವ ಸ್ವಾತಂತ್ರ್ಯವಿದೆಯೆಂಬುದನ್ನು ಅವರ ಮುಂದೆಯೇ ತೆರೆದಿಟ್ಟರು. ಬಾಗಿಲು ತೆರೆದಿತ್ತು, ಬೋಧನೆ ಮಾತ್ರ ಬದಲಾಗಲಿಲ್ಲ.

ಧರ್ಮಸಭೆಯ ಕಾನೂನು ಈ ಅಪಾಯವನ್ನು ಮನಶ್ಶಾಸ್ತ್ರಕ್ಕಿಂತ ಮೊದಲೇ ಗುರುತಿಸಿತ್ತು. ಜಗದ್ಗುರು ಹದಿಮೂರನೇ ಲಿಯೋ ಅವರ ಅನುಮೋದನೆಯೊಡನೆ 1890ರ ಡಿಸೆಂಬರ್‌ನಲ್ಲಿ ಹೊರಟ ‘ಕ್ವೆಮಾಡ್‌ಮೊಡುಮ್’ ಎಂಬ ಆಜ್ಞೆ, ಧರ್ಮಭಗಿನಿಯರ ಸಭೆಗಳಲ್ಲಿಯೂ ಯಾಜಕರಲ್ಲದ ಪುರುಷರ ಸಭೆಗಳಲ್ಲಿಯೂ ಮೇಲಧಿಕಾರಿಗಳು ಸದಸ್ಯರಿಂದ ಅಂತರಂಗದ ನಿವೇದನೆಯನ್ನು ಬಲವಂತವಾಗಿ ಕೇಳುವುದನ್ನು ನಿಷೇಧಿಸಿತು. ಇಂದಿನ 1983ರ ಸಂಹಿತೆಯ 630ನೇ ವಿಧಿ ಅದನ್ನು ಉಳಿಸಿಕೊಂಡಿದೆ: ಸದಸ್ಯರು ತಾವಾಗಿಯೇ ಮನಸ್ಸು ತೆರೆಯಬಹುದು, ಅದಕ್ಕೆ ಯಾವ ರೀತಿಯಲ್ಲೂ ಪ್ರೇರೇಪಿಸುವಂತಿಲ್ಲ. 985ನೇ ವಿಧಿಯಂತೆ ಗುರುಮಠದ ರೆಕ್ಟರ್, ಅಲ್ಲಿಯೇ ವಾಸಿಸುವ ಅಭ್ಯರ್ಥಿಗಳು ಆಯಾ ಸಂದರ್ಭದಲ್ಲಿ ಸ್ವಇಚ್ಛೆಯಿಂದ ಕೇಳಿಕೊಂಡ ಹೊರತು, ಅವರ ಪಾಪನಿವೇದನೆ ಕೇಳಬಾರದು. 240ನೇ ವಿಧಿಯಂತೆ ಗುರುದೀಕ್ಷೆಗೆ ಒಪ್ಪಿಗೆ ಅಥವಾ ಗುರುಮಠದಿಂದ ಕಳುಹಿಸುವ ನಿರ್ಧಾರದಲ್ಲಿ ಆಧ್ಯಾತ್ಮಿಕ ನಿರ್ದೇಶಕರ ಹಾಗೂ ಪಾಪನಿವೇದನೆ ಕೇಳುವ ಗುರುಗಳ ಅಭಿಪ್ರಾಯವನ್ನು ಎಂದಿಗೂ ಕೇಳುವಂತಿಲ್ಲ. ನಿವೇದನೆಯಲ್ಲಿ ತಿಳಿದದ್ದನ್ನು ಆಡಳಿತಕ್ಕೆ ಬಳಸುವುದನ್ನು 984ನೇ ವಿಧಿ ತಡೆಯುತ್ತದೆ. ಇವು ಕಚೇರಿಯ ಒಣ ನಿಯಮಗಳೆಂದು ತೋರಬಹುದು. ಲಿಫ್ಟನ್ನರನ್ನು ಓದಿದ ಮೇಲೆ ಇವುಗಳ ಅರ್ಥ ಬೆಳಗುತ್ತದೆ: ಮನಸ್ಸಿನ ಗುಟ್ಟು ತಿಳಿದವನ ಕೈಯಲ್ಲಿ ಭವಿಷ್ಯದ ಕೀಲಿಕೈ ಇರಬಾರದು. ಸೆರೆಮನೆಯಲ್ಲಿ ಇವೆರಡೂ ಒಂದೇ ಕೈಯಲ್ಲಿದ್ದವು.

ಇದೇ ವಿವೇಕ ಸಂತ ಇಗ್ನಾಸಿಯವರ ‘ಆಧ್ಯಾತ್ಮಿಕ ಸಾಧನೆ’ಯಲ್ಲೂ ಇದೆ. ಧ್ಯಾನ ನಡೆಸುವವರು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಒಂದು ಜೀವನಮಾರ್ಗದತ್ತ ವಾಲಿಸಬಾರದು, ಸೃಷ್ಟಿಕರ್ತನೂ ಸೃಷ್ಟಿಯೂ ನೇರವಾಗಿ ವ್ಯವಹರಿಸಲು ಬಿಡಬೇಕೆಂದು ಹದಿನೈದನೇ ಸೂಚನೆ ತಿಳಿಸುತ್ತದೆ. ಸಾಂತ್ವನದ ಉತ್ಸಾಹದಲ್ಲಿರುವವನು ಅವಸರದಿಂದ ಹರಕೆ ಹೊರುವುದನ್ನು ತಡೆಯಬೇಕೆಂದು ಹದಿನಾಲ್ಕನೆಯದು ಎಚ್ಚರಿಸುತ್ತದೆ. ಧ್ಯಾನಕೂಟದ ಕೊನೆಯ ರಾತ್ರಿ, ಉಪವಾಸ ಮತ್ತು ಜಾಗರಣೆಯಿಂದ ದಣಿದ ಯುವಜನರಿಂದ ವಾಗ್ದಾನ ಪಡೆಯುವವರು ಈ ಎರಡು ಸೂಚನೆಗಳನ್ನು ಓದಿಕೊಳ್ಳುವುದು ಒಳಿತು.

ಕಾನೂನು ಇದ್ದ ಮಾತ್ರಕ್ಕೆ ರಕ್ಷಣೆ ದೊರೆಯದು ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಫ್ರಾನ್ಸಿನಿಂದ ಬಂದಿದೆ. ಬುದ್ಧಿಮಾಂದ್ಯರೊಡನೆ ಬಾಳುವ ಲಾರ್ಶ್ ಸಮುದಾಯಗಳನ್ನು 1964ರಲ್ಲಿ ಆರಂಭಿಸಿದ ಜಾನ್ ವಾನಿಯೇ ಅವರನ್ನು ಅನೇಕರು ಬದುಕಿರುವಾಗಲೇ ಸಂತರೆಂದು ಬಗೆದಿದ್ದರು. ಬೆಂಗಳೂರಿನ ಆಶಾ ನಿಕೇತನವೂ 1970ರಲ್ಲಿ ಆ ಸ್ಫೂರ್ತಿಯಿಂದಲೇ ಹುಟ್ಟಿದ್ದು. 2019ರಲ್ಲಿ ವಾನಿಯೇ ತೀರಿಕೊಂಡ ಬಳಿಕ, ಆ ಸಂಸ್ಥೆಯೇ ಮುಂದೆ ನಿಂತು ನಡೆಸಿದ ವಿಚಾರಣೆಯ ಫಲ 2020ರಲ್ಲಿಯೂ ಸ್ವತಂತ್ರ ಆಯೋಗದ ವರದಿ 2023ರಲ್ಲಿಯೂ ಹೊರಬಂದವು. ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಅವರು ಕನಿಷ್ಠ 25 ಮಹಿಳೆಯರನ್ನು ತಮ್ಮ ಹಿಡಿತದಲ್ಲಿಟ್ಟು ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡಿದ್ದರೆಂದು ಆಯೋಗ ಕಂಡುಕೊಂಡಿತು. ಅವರ ಗುರುವಾಗಿದ್ದ ಡೊಮಿನಿಕನ್ ಯಾಜಕ ತೋಮಾ ಫಿಲಿಪ್ ಇಂಥದೇ ಕೃತ್ಯಗಳಿಗಾಗಿ 1956ರಲ್ಲಿಯೇ ರೋಮ್‌ನಿಂದ ಶಿಕ್ಷೆಗೊಳಗಾಗಿದ್ದವರು. ಇಲ್ಲಿ ಬೇಡಿಯಿಲ್ಲ, ಸರಪಳಿಯಿಲ್ಲ, ಕಾವಲುಗಾರನಿಲ್ಲ. ದೈವಿಕ ಅರ್ಥ ಹೊದಿಸಿದ ಭಾಷೆ, ಆಯ್ದವರಿಗೆ ಮಾತ್ರ ತಿಳಿಯುವ ಗುಟ್ಟು, ಗುರುವಿನ ಮೇಲಿನ ಗೌರವ ಇಷ್ಟೇ ಸಾಕಾದವು. ಲಿಫ್ಟನ್ನರು ದೈವಸಂಕಲ್ಪದ ಹೆಸರಿನ ಕೈವಾಡ ಎಂದು ಕರೆದದ್ದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನಮ್ಮ ಮನೆಯೊಳಗೆ ಸಿಗಲಾರದು. ಆ ಸಮುದಾಯಗಳಲ್ಲಿ ನಡೆಯುತ್ತಿರುವ ಸೇವೆಯ ಹಿರಿಮೆ ಇದರಿಂದ ಅಳಿಯದು. ತನ್ನ ಸ್ಥಾಪಕನ ಸತ್ಯವನ್ನು ಲೋಕದ ಮುಂದಿಟ್ಟ ಧೈರ್ಯವೂ ಅದೇ ಸಂಸ್ಥೆಯದು.

ಈ ಓದು ನಮ್ಮ ನಾಡಿನ ಚರ್ಚೆಗೂ ಸಲ್ಲುತ್ತದೆ. ಮತಾಂತರದ ವಾದಗಳಲ್ಲಿ ‘ಬ್ರೈನ್‌ವಾಷ್’ ಎಂಬ ಪದ ಕ್ರೈಸ್ತರ ಮೇಲೆ ಸುಲಭವಾಗಿ ಬೀಳುತ್ತದೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವೂ ಬಲವಂತ, ಅನುಚಿತ ಪ್ರಭಾವ, ಆಮಿಷಗಳ ಮಾತನ್ನಾಡಿತು. ಯಾರೋ ಒಬ್ಬರು ನಮಗೆ ಹಿಡಿಸದ ನಂಬಿಕೆಯನ್ನು ಒಪ್ಪಿಕೊಂಡರೆಂಬ ಕಾರಣಕ್ಕೆ ಅವರ ಮನಸ್ಸನ್ನು ಇನ್ನಾರೋ ತೊಳೆದಿದ್ದಾರೆ ಎನ್ನುವುದು ಆ ವ್ಯಕ್ತಿಯ ಬುದ್ಧಿಗೂ ಸ್ವಾತಂತ್ರ್ಯಕ್ಕೂ ಮಾಡುವ ಅವಮಾನ. ಇದನ್ನು ನಾವು ಗಟ್ಟಿಯಾಗಿಯೇ ಹೇಳಬೇಕು. ಆದರೆ ಹೀಗೆ ಹೇಳುವ ಅರ್ಹತೆ ಉಳಿಯಬೇಕಾದರೆ ಮಹಾಸಭೆಯ ಮಾತನ್ನೂ ಅಷ್ಟೇ ಗಟ್ಟಿಯಾಗಿ ಪಾಲಿಸಬೇಕು: ಬಡವರನ್ನೂ ಓದುಬರಹ ಬಾರದವರನ್ನೂ ಅಪ್ರಾಮಾಣಿಕವಾಗಿ ಮನವೊಲಿಸುವುದು ನಮ್ಮ ಹಕ್ಕಿನ ದುರುಪಯೋಗ, ಅವರ ಹಕ್ಕಿನ ಉಲ್ಲಂಘನೆ. ಕಾಯಿಲೆಯ ಭಯವನ್ನೋ ಶಾಪದ ಭಯವನ್ನೋ ತೋರಿಸಿ ತುಂಬಿಸಿದ ಸಭಾಂಗಣ ಶುಭಸಂದೇಶದ ಗೆಲುವಾಗದು.

ಗುರುಮಠಗಳಲ್ಲಿ ಲಿಫ್ಟನ್ನರ ಗ್ರಂಥವನ್ನು ಯಾರ ಕೈಗೆ ಮೊದಲು ಕೊಡಬೇಕು? ಅಭ್ಯರ್ಥಿಗಳಿಗಿಂತ ಮುಂಚೆ ತರಬೇತಿ ನೀಡುವ ನಮ್ಮಂಥವರ ಕೈಗೆ. ಓದಿ ಮುಗಿಸಿದವರು ತಮ್ಮ ಸಮುದಾಯದ ಕುರಿತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಇಲ್ಲಿ ಒಬ್ಬ ಅಭ್ಯರ್ಥಿ ‘ಇಲ್ಲ’ ಎಂದರೆ ಅದನ್ನು ಮೊದಲು ವಾದವೆಂದು ಕೇಳುತ್ತೇವೆಯೋ, ದೋಷವೆಂದು ಬರೆದುಕೊಳ್ಳುತ್ತೇವೆಯೋ? ಅವನು ಗುಟ್ಟಾಗಿ ಹೇಳಿದ್ದು ಗುಟ್ಟಾಗಿಯೇ ಉಳಿದಿದೆಯೋ? ಬಿಟ್ಟುಹೋದವನ ಹೆಸರನ್ನು ಊಟದ ಮನೆಯಲ್ಲಿ ಪ್ರೀತಿಯಿಂದ ಎತ್ತುತ್ತೇವೆಯೋ, ಅವನು ಇರಲೇ ಇಲ್ಲವೆಂಬಂತೆ ನಡೆದುಕೊಳ್ಳುತ್ತೇವೆಯೋ? ಈ ಮೂರನೆಯ ಪ್ರಶ್ನೆಗೆ ನಾವು ಕೊಡುವ ಉತ್ತರದಿಂದ ಉಳಿದೆರಡರ ಉತ್ತರವೂ ತಿಳಿದುಬಿಡುತ್ತದೆ. ಹೊರಟುಹೋಗುವ ಸ್ವಾತಂತ್ರ್ಯ ನಿಜವಾಗಿರುವ ಮನೆಯಲ್ಲಿ ಮಾತ್ರ ಉಳಿದುಕೊಂಡವನ ಸಮ್ಮತಿಗೆ ಬೆಲೆಯಿದೆ. ಗುರುದೀಕ್ಷೆಯ ದಿನ ಅಭ್ಯರ್ಥಿಯಿಂದ ಧರ್ಮಾಧ್ಯಕ್ಷರು ಕೇಳುವುದು ಅಂಥ ಸಮ್ಮತಿಯನ್ನೇ.